ಒಂದೇ ಪುಟದ ಲೆಕ್ಕ



ಮೈಸೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ಬೈಲಕುಪ್ಪೆಯನ್ನು ಸಮೀಪಿಸಿದಾಗ, ರಸ್ತೆಬದಿಯಲ್ಲಿ ಕೆಂಪು ನಿಲುವಂಗಿಯ ಭಿಕ್ಷುಗಳನ್ನು ಕಂಡು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಇವರಿಗೆ ಸರ್ಕಾರ ಜಮೀನು ಕೊಟ್ಟಿತು, ಶಾಲೆ ಕೊಟ್ಟಿತು. ನಮ್ಮವರಿಗೆ ಏನು ಕೊಟ್ಟಿತು?" ಈ ಮಾತನ್ನು ನೀವೂ ಕೇಳಿರಬಹುದು, ಆಡಿಯೂ ಇರಬಹುದು. ನಾನಂತೂ ಆಡಿದ್ದೇನೆ. ಅದನ್ನು ಕೇವಲ ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಬೊಕ್ಕಸದ ಹಣ ಜನರ ಬೆವರಿನ ಹಣ; ಅದು ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಎಲ್ಲರಿಗೂ ಉಂಟು. ಆದರೆ ಉತ್ತರವೆಂದು ನಮ್ಮ ಮುಂದಿಡುವ ಲೆಕ್ಕವನ್ನು ಪರೀಕ್ಷಿಸುವವರು ಕಡಿಮೆ.

ಅಂಥ ಲೆಕ್ಕವೊಂದನ್ನು ಇಲ್ಲಿ ನಿಮ್ಮೊಡನೆ ಪರಿಶೀಲಿಸಬಯಸುತ್ತೇನೆ. ಅದು ಅಮೆರಿಕದ್ದು. ದೂರದ ದೇಶದ ಲೆಕ್ಕ ನಮಗೇಕೆ ಎನ್ನಬೇಡಿ. ನಿರಾಶ್ರಿತರಿಗಾಗಿ ಆದ ಸರ್ಕಾರಿ ವೆಚ್ಚವನ್ನು ಅಲ್ಲಿ ಸರ್ಕಾರವೇ ಎಣಿಸಲು ಹೊರಟಿತು. ಎಣಿಸಿದ ಮೇಲೆ ಆ ಲೆಕ್ಕಕ್ಕೆ ಒದಗಿದ ಗತಿ ನಮ್ಮ ಬಸ್ಸಿನ ಮಾತಿಗೂ ಬೆಳಕು ಚೆಲ್ಲುತ್ತದೆ.

2017ರ ಮಾರ್ಚ್‌ನಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು, ನಿರಾಶ್ರಿತರ ಪುನರ್ವಸತಿಗಾಗಿ ಕೇಂದ್ರ, ರಾಜ್ಯ ಹಾಗೂ ಸ್ಥಳೀಯ ಆಡಳಿತಗಳು ಭರಿಸುವ ವೆಚ್ಚದ ವರದಿ ಸಿದ್ಧಪಡಿಸುವಂತೆ ಆದೇಶಿಸಿದರು. ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆಯ ಅಧಿಕಾರಿಗಳು ವೆಚ್ಚದ ಜೊತೆಗೆ, ನಿರಾಶ್ರಿತರು ಕಟ್ಟಿದ ತೆರಿಗೆಯನ್ನೂ ಎಣಿಸಿದರು. 2005ರಿಂದ 2014ರವರೆಗಿನ ಹತ್ತು ವರ್ಷಗಳಲ್ಲಿ, ಅವರಿಗಾಗಿ ಆದ ಖರ್ಚಿಗಿಂತ ಅವರಿಂದ ಬಂದ ಆದಾಯವೇ 6,300 ಕೋಟಿ ಡಾಲರಿನಷ್ಟು ಹೆಚ್ಚೆಂದು ಕರಡು ವರದಿ ಹೇಳಿತು. ಆ ಕರಡು ಬೆಳಕು ಕಾಣಲಿಲ್ಲ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಬಯಲಿಗೆಳೆಯಿತು. ಕರಡಿನ ಸ್ಥಾನದಲ್ಲಿ ಸಿದ್ಧವಾದದ್ದು ಮೂರೇ ಪುಟಗಳ ಟಿಪ್ಪಣಿ: ಇಲಾಖೆಯ ಮುಖ್ಯ ಯೋಜನೆಗಳಲ್ಲಿ ಒಬ್ಬ ನಿರಾಶ್ರಿತನಿಗೆ ವರ್ಷಕ್ಕೆ 3,300 ಡಾಲರ್ ವೆಚ್ಚವಾಗುತ್ತದೆ, ದೇಶದ ಸಾಮಾನ್ಯ ನಿವಾಸಿಗೆ 2,500 ಡಾಲರ್ ಮಾತ್ರ. ಆದಾಯದ ಸುದ್ದಿ ಅದರಲ್ಲಿ ಇಲ್ಲ.

ಗಮನಿಸಿ, ಆ ಮೂರು ಪುಟಗಳಲ್ಲಿ ಸುಳ್ಳು ಅಂಕಿಯಿದೆ ಎಂದು ನಾನು ಹೇಳುತ್ತಿಲ್ಲ. ನಿಜವಾದ ಅಂಕಿಗಳಿಂದಲೇ ಸುಳ್ಳು ಹೇಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಹೆಣ್ಣುಮಕ್ಕಳನ್ನು ನರ್ಸಿಂಗ್ ಓದಿಸಿದ್ದಾರೆ. ಕಾಲೇಜಿನ ರಸೀದಿಗಳನ್ನಷ್ಟೇ ಜೋಪಾನವಾಗಿಟ್ಟು, ಅವಳು ಮುಂದೆ ದುಬೈಯಿಂದಲೋ ಕುವೈತಿನಿಂದಲೋ ಕಳುಹಿಸಿದ ಹಣವನ್ನು ಎಲ್ಲಿಯೂ ಬರೆಯದೆ, ಮಗಳು ಮನೆಗೆ ಹೊರೆಯಾದಳೆಂದು ತಂದೆ ಹೇಳಿದರೆ ನೀವು ಒಪ್ಪುವಿರಾ? (ಆ ಮಗಳೂ ಇನ್ನೊಂದು ದೇಶದಲ್ಲಿ ವಲಸಿಗಳೇ ಎಂಬುದು ನಮಗೆ ಬೇಗ ಮರೆತುಹೋಗುತ್ತದೆ.)

ಪೂರ್ಣ ಲೆಕ್ಕ ಹೊರಬರಲು 2024ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ಅದೇ ಇಲಾಖೆ 2005ರಿಂದ 2019ರವರೆಗಿನ ಹದಿನೈದು ವರ್ಷಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿತು. ನಿರಾಶ್ರಿತರು ಮತ್ತು ಅಲ್ಲಿ ಆಶ್ರಯ ಪಡೆದವರಿಗಾಗಿ ಮೂರೂ ಹಂತದ ಆಡಳಿತಗಳು ಮಾಡಿದ ವೆಚ್ಚ 45,720 ಕೋಟಿ ಡಾಲರ್. ಅವರಿಂದ ಬಂದ ಆದಾಯ 58,100 ಕೋಟಿ. ಉಳಿಕೆಯಾದ 12,380 ಕೋಟಿಯಲ್ಲಿ 3,150 ಕೋಟಿ ಕೇಂದ್ರದ ಪಾಲಿಗೆ, 9,230 ಕೋಟಿ ರಾಜ್ಯ ಹಾಗೂ ಸ್ಥಳೀಯ ಆಡಳಿತಗಳ ಪಾಲಿಗೆ.

ಇದು ಹೇಗೆ ಸಾಧ್ಯವೆಂದು ಆಶ್ಚರ್ಯಪಡುವವರು ಒಬ್ಬ ವ್ಯಕ್ತಿಯ ಬದುಕನ್ನು ನೋಡಬೇಕು. ಅಮೆರಿಕಕ್ಕೆ ಬರುವ ನಿರಾಶ್ರಿತನ ವಿಮಾನದ ಟಿಕೆಟ್ ಕೂಡ ದಾನವಲ್ಲ, ಬಡ್ಡಿಯಿಲ್ಲದ ಸಾಲ. ಬಂದ ಕೆಲವೇ ತಿಂಗಳಲ್ಲಿ ಕಂತು ಕಟ್ಟಲು ಆರಂಭಿಸಬೇಕು. ನೋತ್ರ್ ದಾಮ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಇವಾನ್ಸ್ ಮತ್ತು ಡೇನಿಯಲ್ ಫಿಟ್ಜ್‌ಜೆರಾಲ್ಡ್ 2017ರ ತಮ್ಮ ಅಧ್ಯಯನದಲ್ಲಿ, 18ರಿಂದ 45ರ ವಯಸ್ಸಿನಲ್ಲಿ ಬಂದವರ ಮೊದಲ ಇಪ್ಪತ್ತು ವರ್ಷಗಳನ್ನು ಎಣಿಸಿದರು. ನೆಲೆಗೊಳಿಸಲು ತಲಾ ಸುಮಾರು 15,000 ಡಾಲರ್, ಸಹಾಯ ಯೋಜನೆಗಳಿಗೆ ಸುಮಾರು 92,000. ಅವರು ಕಟ್ಟಿದ ತೆರಿಗೆ ಸುಮಾರು 1,29,000. ಆರಂಭದ ವರ್ಷಗಳಲ್ಲಿ ಭಾಷೆ ಬಾರದು, ಕೈಗೆ ಕೆಲಸ ಹತ್ತದು, ಖರ್ಚೆಲ್ಲ ಆಗಲೇ. ಆದಾಯ ತಡವಾಗಿ ಬರುತ್ತದೆ. ಮೊದಲ ವರ್ಷದ ಪುಟವನ್ನು ಮಾತ್ರ ಹರಿದು ತೋರಿಸಿದರೆ ಎಲ್ಲ ನಿರಾಶ್ರಿತರೂ ಹೊರೆಯೇ. ತೆಂಗಿನ ಸಸಿಯೂ ನೆಟ್ಟ ವರ್ಷ ನೀರು ಕುಡಿಯುತ್ತದೆಯೇ ಹೊರತು ಕಾಯಿ ಬಿಡುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಒಂದೇ ಪುಟ ತೋರಿಸಿದವನಾಗುತ್ತೇನೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ಎಲ್ಲ ಬಗೆಯ ವಲಸಿಗರನ್ನೂ ಸೇರಿಸಿ ಒಂದು ವರದಿ ತಂದವು. ಅದರಂತೆ ಮೊದಲ ತಲೆಮಾರಿನ ವಲಸಿಗರು ಮತ್ತು ಅವರ ಅವಲಂಬಿತರಿಂದಾಗಿ ರಾಜ್ಯ ಹಾಗೂ ಸ್ಥಳೀಯ ಆಡಳಿತಗಳಿಗೆ 2011-13ರ ಅವಧಿಯಲ್ಲಿ ವರ್ಷಕ್ಕೆ ಸರಾಸರಿ 5,740 ಕೋಟಿ ಡಾಲರ್ ಹೊರೆ ಬಿದ್ದಿತು. ಮುಖ್ಯ ಕಾರಣ ಮಕ್ಕಳ ಶಾಲೆ. ಎರಡನೆಯ ತಲೆಮಾರಿನವರು ಅದೇ ಅವಧಿಯಲ್ಲಿ ವರ್ಷಕ್ಕೆ 3,050 ಕೋಟಿ ಹೆಚ್ಚುವರಿ ತಂದರು. ಇಲಾಖೆಯ ವರದಿಗೂ ಇದಕ್ಕೂ ಎಣಿಕೆಯಲ್ಲಿ ಸೇರಿದ ಜನ ಬೇರೆ. ಮಗುವಿನ ಶಾಲಾವೆಚ್ಚವನ್ನು ಯಾರ ಹೆಸರಿಗೆ ಬರೆಯಬೇಕೆಂಬ ತೀರ್ಮಾನದಿಂದಲೂ ಮೊತ್ತ ತಲೆಕೆಳಗಾಗಬಹುದು. ವಿಚಿತ್ರವೆಂದರೆ, ಓದುವಾಗ ವಲಸಿಗನ ಖರ್ಚಿನಲ್ಲಿ ಸೇರಿದ ಮಗು ದುಡಿಯಲು ತೊಡಗಿದಾಗ ಆ ಖಾತೆಯಿಂದ ಹೊರಗೆ ಬಂದುಬಿಡುತ್ತದೆ. ಆದರೂ ಒಂದನ್ನು ಒಪ್ಪಲೇಬೇಕು: ವರಮಾನ ತೆರಿಗೆಯ ಹೆಚ್ಚಿನ ಪಾಲು ಕೇಂದ್ರಕ್ಕೆ ಹೋಗುತ್ತದೆ; ಹೊಸ ಮಕ್ಕಳಿಗೆ ಬೆಂಚು ಹೊಂದಿಸಬೇಕಾದದ್ದು ಚಿಕ್ಕ ಊರಿನ ಶಾಲಾ ಮಂಡಳಿ. ಆ ಊರಿನವರ ಅಸಮಾಧಾನ ಕಲ್ಪನೆಯದಲ್ಲ. ದೇಶದ ಒಟ್ಟು ಲಾಭದ ಅಂಕಿಯನ್ನು ಅವರ ಮುಖಕ್ಕೆ ಹಿಡಿಯುವುದು ಉತ್ತರವೂ ಅಲ್ಲ. ಆ ಲಾಭದಿಂದ ಅವರ ಶಾಲೆಗೆ ಪಾಲು ಕಳುಹಿಸಬೇಕು.

ನನ್ನ ದೊಡ್ಡ ಆಕ್ಷೇಪಣೆ ಇರುವುದು ಲಾಭವನ್ನೇ ಹಿಡಿದು ಹಿಗ್ಗುವವರ ಬಗ್ಗೆ. ಇವಾನ್ಸ್ ಮತ್ತು ಫಿಟ್ಜ್‌ಜೆರಾಲ್ಡರ ಆ ಮೊತ್ತದಲ್ಲಿ 45 ದಾಟಿ ಬಂದವರು ಸೇರಿಲ್ಲ. ಅರವತ್ತೈದರಲ್ಲಿ ಮೊಮ್ಮಗನ ಕೈಹಿಡಿದು ಬಂದ ಅಜ್ಜಿ, ಶಿಬಿರದಲ್ಲಿ ಕಾಲು ಕಳೆದುಕೊಂಡವನು ಎಂದಿಗೂ ಜಮಾ ಪುಟಕ್ಕೆ ಬಾರದಿರಬಹುದು. ಲಾಭವಿದೆ, ಆದ್ದರಿಂದ ಬಾಗಿಲು ತೆರೆಯಿರಿ ಎಂದವನು ಈ ಅಜ್ಜಿಯ ಎದುರು ಏನು ಹೇಳುವನು? ಬೊಕ್ಕಸದ ನಷ್ಟದ ಭಯವನ್ನು ತಿದ್ದಲು ಲೆಕ್ಕ ಬೇಕು. ಅಜ್ಜಿಯನ್ನು ಒಳಗೆ ಕರೆಯಲು ಅದನ್ನೇ ನೆಚ್ಚಿಕೊಳ್ಳಲಾಗದು.

ಈ ಪ್ರಶ್ನೆ ಧರ್ಮಸಭೆಯನ್ನೂ ಬಿಟ್ಟಿಲ್ಲ. ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಶಕಗಳ ಕಾಲ ಸರ್ಕಾರದ ಅನುದಾನದೊಂದಿಗೆ ನಿರಾಶ್ರಿತರನ್ನು ನೆಲೆಗೊಳಿಸುತ್ತ ಬಂದಿತ್ತು. 2025ರ ಜನವರಿಯಲ್ಲಿ ಹೊಸ ಸರ್ಕಾರ ನಿರಾಶ್ರಿತರ ಪ್ರವೇಶವನ್ನು ತಡೆಹಿಡಿಯಿತು. ಧರ್ಮಾಧ್ಯಕ್ಷರ ಚಿಂತೆ ಮಾನವೀಯತೆಯದೋ ತಮ್ಮ ಆದಾಯದ್ದೋ ಎಂದು ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್, ಸ್ವತಃ ಕಥೋಲಿಕರು, ಬಹಿರಂಗವಾಗಿ ಪ್ರಶ್ನಿಸಿದರು. ಸರ್ಕಾರದ ಹಣ ಆ ಸೇವೆಯ ಪೂರ್ಣ ವೆಚ್ಚಕ್ಕೂ ಸಾಲುತ್ತಿರಲಿಲ್ಲ ಎಂಬುದು ಮಂಡಳಿಯ ಉತ್ತರ. ಫೆಬ್ರವರಿಯಲ್ಲಿ ಅದು ನ್ಯಾಯಾಲಯದ ಮೆಟ್ಟಿಲೇರಿತು. ಏಪ್ರಿಲ್‌ನಲ್ಲಿ ಸರ್ಕಾರದೊಂದಿಗಿನ ಒಪ್ಪಂದಗಳನ್ನು ನವೀಕರಿಸುವುದಿಲ್ಲವೆಂದು ಪ್ರಕಟಿಸಿತು. ಪ್ರಶ್ನೆ ಕಟುವಾಗಿತ್ತು, ನನ್ನ ದೃಷ್ಟಿಯಲ್ಲಿ ಅನ್ಯಾಯವೂ ಆಗಿತ್ತು. ಆದರೂ ಸಾರ್ವಜನಿಕ ಹಣ ಮುಟ್ಟುವ ಯಾವ ಸೇವಾಸಂಸ್ಥೆಯೂ, ನಮ್ಮದೂ ಸೇರಿ, ಲೆಕ್ಕ ಕೇಳಿದವರ ಮೇಲೆ ಮುನಿಸಿಕೊಳ್ಳುವಂತಿಲ್ಲ.

ಇನ್ನು ನಮ್ಮ ಬೈಲಕುಪ್ಪೆ. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿದ ದೇಶವಲ್ಲ. ಆದರೂ ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಅರಣ್ಯಭೂಮಿಯನ್ನು ಟಿಬೆಟನ್ನರಿಗೆ ಗುತ್ತಿಗೆಯಾಗಿ ನೀಡಿತು. 1961ರಲ್ಲಿ ಮೊದಲ ನೆಲೆ ಸ್ಥಾಪನೆಯಾಯಿತು. ಹಿಮದ ನಾಡಿನವರು ಸೆಕೆಯಲ್ಲಿ ಕಾಡು ಕಡಿದರು, ಆನೆಗಳ ಹಾವಳಿ ಸಹಿಸಿದರು, ಮುಸುಕಿನ ಜೋಳ ಬೆಳೆದರು. ಇಂದು ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗಾಗಿ. ಅವರಿಗಾಗಿ ಕಲಿತ ಕೆಲಸ ಮುಂದೆ ನಮ್ಮ ಬಡ ರೈತರಿಗೂ ಒದಗಿತು. ಈ ಲಾಭವನ್ನು ಯಾವ ಪುಟದಲ್ಲಿ ಬರೆಯೋಣ? ಹಾಗೆಯೇ, ಪಕ್ಕದ ಹಳ್ಳಿಯ ಭೂಹೀನ ಕೂಲಿಯವನು ತನಗೇಕೆ ಎಕರೆ ಸಿಗಲಿಲ್ಲವೆಂದು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆ. ಅದನ್ನು ಕೇಳಬೇಕಾದದ್ದು ವಿಧಾನಸೌಧದಲ್ಲಿ.

ಕಳೆದ ಬಾರಿ ಆ ಬಸ್ಸಿನಲ್ಲಿ ಅದೇ ಮಾತು ಕಿವಿಗೆ ಬಿದ್ದಾಗ, ಪಕ್ಕದಲ್ಲಿದ್ದ ಹಿರಿಯರಿಗೆ ಒಂದು ಅಂಕಿ ಹೇಳಿದೆ. ದೇಶದ 36 ಟಿಬೆಟನ್ ನೆಲೆಗಳ ಆಡಳಿತ ಮತ್ತು ಸಮಾಜಕಲ್ಯಾಣಕ್ಕೆಂದು ಕೇಂದ್ರ ಸರ್ಕಾರ 2015-16ರಿಂದ ಐದು ವರ್ಷಗಳಿಗೆ ಮಂಜೂರು ಮಾಡಿದ್ದು 40 ಕೋಟಿ ರೂಪಾಯಿ. ಹಂಚಿ ನೋಡಿದರೆ ನೆಲೆಯೊಂದಕ್ಕೆ ವರ್ಷಕ್ಕೆ 22 ಲಕ್ಷದಷ್ಟು. "ಅಷ್ಟೇನಾ?" ಎಂದರು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, "ಆದರೂ ಜಮೀನು ಕೊಟ್ಟರಲ್ಲ ಸ್ವಾಮಿ" ಎಂದರು. ಅದು ಗುತ್ತಿಗೆಯ ಜಮೀನು, ಮಾರುವಂತಿಲ್ಲ ಎಂದು ನಾನು ವಿವರಿಸುವಷ್ಟರಲ್ಲಿ ಕುಶಾಲನಗರ ಬಂದಿತ್ತು. ಅವರು ಚೀಲ ಎತ್ತಿಕೊಂಡು ಇಳಿದರು.