ತನ್ನ ರಕ್ತವೇ ತನಗೆ ಮದ್ದಾದೀತೆ?

ರೋಗಿಯ ತೋಳಿನಿಂದ ತೆಗೆದ ನೆತ್ತರನ್ನು ನಳಿಗೆಯಲ್ಲಿ ತುಂಬಿ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ, ಕೆಂಪುಕಣಗಳು ಭಾರದಿಂದ ತಳ ಸೇರಿ, ನಡುವೆ ಬೆಳ್ಳನೆಯ ತೆಳುಪದರವೊಂದು ನಿಂತು, ಮೇಲೆ ಜೇನುಬಣ್ಣದ ತಿಳಿದ್ರವ ಉಳಿಯುವುದು. ಆ ದ್ರವದಲ್ಲಿ ಪ್ಲೇಟ್‌ಲೆಟ್‌ಗಳನ್ನು ಸಾಂದ್ರಗೊಳಿಸಿ ರೋಗಿಯ ಚರ್ಮಕ್ಕೇ ಮರಳಿ ಚುಚ್ಚುವ ಪಿಆರ್‌ಪಿ ಚಿಕಿತ್ಸೆಯು, ಅಂಗಾಂಶದ ಪುನರುಜ್ಜೀವನದ ಹೆಸರಿನಲ್ಲಿ, ಲೈಕೆನ್ ಸ್ಕ್ಲೆರೋಸಸ್ ಎಂಬ ದೀರ್ಘವ್ಯಾಧಿಯವರೆಗೂ ಬಂದು ಮುಟ್ಟಿದೆ. ಸ್ತ್ರೀಯರ ಗುಹ್ಯಭಾಗದ ಚರ್ಮವನ್ನು ಬೆಳ್ಳಗಾಗಿಸಿ, ತೆಳುಕಾಗದದಂತೆ ಸುಕ್ಕುಗಟ್ಟಿಸಿ, ತುರಿಕೆಯಿಂದ ಇರುಳ ನಿದ್ದೆಯನ್ನು ಕೆಡಿಸಿ, ಕಡೆಗೆ ಅಂಗದ ಆಕಾರವನ್ನೇ ಕುಗ್ಗಿಸುವ ಈ ವ್ಯಾಧಿಯನ್ನು ಎಷ್ಟೋ ತಾಯಂದಿರು ಸಂಕೋಚದಿಂದ ವರ್ಷಗಟ್ಟಲೆ ಬಾಯಿಬಿಡದೆ ಸಹಿಸುವರು. ಅಂಥವರಿಗೆ ಆಶೆಯನ್ನು ಕೊಡುವವರ ಹೊಣೆ ಬಹಳ ದೊಡ್ಡದು.

ಸಿದ್ಧಾಂತವೇನೋ ಮನೋಹರವಾಗಿದೆ. ಗಾಯವನ್ನು ಮಾಯಿಸುವ, ಹೊಸ ರಕ್ತನಾಳಗಳನ್ನು ಚಿಗುರಿಸುವ ವರ್ಧಕಾಂಶಗಳು ಪ್ಲೇಟ್‌ಲೆಟ್‌ಗಳ ಒಡಲಿನಲ್ಲಿರುವುದು ನಿಜ. ಆದರೆ ಗಾಯವೆಂಬುದು ಒಮ್ಮೆ ಆಗಿ ಮುಗಿದದ್ದು. ಈ ವ್ಯಾಧಿಯಾದರೋ ದೇಹದ ರಕ್ಷಕಕಣಗಳೇ ಸ್ವಂತ ಚರ್ಮದ ಮೇಲೆ ಎಡೆಬಿಡದೆ ನಡೆಸುವ ಆಕ್ರಮಣ. ಉರಿಯನ್ನು ಆರಿಸದೆ ಮಾಡಿಗೆ ಹೊಸ ಹೆಂಚು ಹೊದಿಸುವ ಯತ್ನ ಇದೆಂದು ನನಗೆ ತೋರುತ್ತದೆ.

ಅಮೆರಿಕದ ವೈದ್ಯ ಆಂಡ್ರ್ಯೂ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರು, ಹೋಲಿಕೆಯ ಗುಂಪಿಲ್ಲದೆ ನಡೆಸಿದ ತಮ್ಮ ಮೊದಲ ಪ್ರಯೋಗದಲ್ಲಿ ಭರವಸೆಯನ್ನು ಕಂಡಿದ್ದರು. ಅಷ್ಟಕ್ಕೇ ತೃಪ್ತರಾಗದೆ, 30 ಮಂದಿ ಸ್ತ್ರೀಯರನ್ನು ಸೇರಿಸಿ, ಯಾರಿಗೆ ಪಿಆರ್‌ಪಿ, ಯಾರಿಗೆ ಹುಸಿಮದ್ದು ಎಂಬುದು ರೋಗಿಗೂ ಪರೀಕ್ಷಕನಿಗೂ ತಿಳಿಯದಂತೆ ಏರ್ಪಡಿಸಿ, ಚರ್ಮದ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶವೆಂದರೆ, ಉರಿಯೂತವನ್ನು ತಗ್ಗಿಸುವಲ್ಲಿ ಪಿಆರ್‌ಪಿ ಹುಸಿಮದ್ದನ್ನು ಮೀರಲಿಲ್ಲ ಎಂಬುದು. ತಮ್ಮ ಆಶೆಯನ್ನು ತಾವೇ ಒರೆಗೆ ಹಚ್ಚಿ, ಸೋಲನ್ನು ಮುಚ್ಚಿಡದೆ ಲೋಕದ ಮುಂದಿಟ್ಟ ಆ ವೈದ್ಯರ ಸತ್ಯನಿಷ್ಠೆ ವಂದನೀಯ. ಮೂವತ್ತು ಸಣ್ಣ ಸಂಖ್ಯೆಯೆಂಬ ಆಕ್ಷೇಪವೂ ನ್ಯಾಯವಾದುದೇ. ಇನ್ನೂ ದೊಡ್ಡ ಪರೀಕ್ಷೆಗಳು ನಡೆಯಲಿ. ಆದರೆ ಅದುವರೆಗೆ ಇದನ್ನು ಸಿದ್ಧಚಿಕಿತ್ಸೆಯೆಂದು ರೋಗಿಯ ಕೈಯಲ್ಲಿ ಹಣ ಕಟ್ಟಿಸಿಕೊಳ್ಳುವುದನ್ನು ನಾನು ಒಪ್ಪಲಾರೆ.

ಇತ್ತ ಇದೇ ವ್ಯಾಧಿಗೆ ಬೆರಳ ತುದಿಯಷ್ಟು ತೆಗೆದು ಹಚ್ಚುವ ಸ್ಟೀರಾಯ್ಡ್ ಮುಲಾಮಿಗೆ ಅಂಥ ಆಕರ್ಷಣೆಯಿಲ್ಲ. ಆದರೂ ಆಸ್ಟ್ರೇಲಿಯದಲ್ಲಿ ಈ ವ್ಯಾಧಿಯಿದ್ದ 507 ಮಂದಿ ಸ್ತ್ರೀಯರನ್ನು ವರ್ಷಗಳ ಕಾಲ ಗಮನಿಸಿ 2015ರಲ್ಲಿ ಹೊರಬಂದ ವರದಿಯಲ್ಲಿ, ಹೇಳಿದಂತೆ ತಪ್ಪದೆ ಹಚ್ಚಿದ 357 ಮಂದಿಯಲ್ಲಿ ಒಬ್ಬರಿಗೂ ಗುಹ್ಯಭಾಗದ ಕ್ಯಾನ್ಸರಾಗಲಿ ಅದರ ಪೂರ್ವಸ್ಥಿತಿಯಾಗಲಿ ಕಾಣಿಸಲಿಲ್ಲ. ಬಿಟ್ಟುಬಿಟ್ಟು ಹಚ್ಚಿದ 150 ಮಂದಿಯಲ್ಲಿ 7 ಮಂದಿಗೆ ಕಾಣಿಸಿತು. ಸ್ಟೀರಾಯ್ಡೆಂಬ ಹೆಸರಿಗೇ ಬೆದರಿ, ಚುಚ್ಚುಮದ್ದೇ ಸಾಕೆಂದು ನಂಬಿ, ಮುಲಾಮಿನ ಟ್ಯೂಬನ್ನು ಬೀರುವಿನೊಳಗೆ ಎತ್ತಿಟ್ಟುಬಿಡುವ ತಾಯಿಗೆ ಈ ಎರಡು ಅಂಕಿಗಳನ್ನು ಆಕೆಯ ಭಾಷೆಯಲ್ಲಿ, ಸಾವಧಾನವಾಗಿ, ಸೂಜಿ ಎತ್ತುವ ಮೊದಲೇ ಹೇಳಬೇಕು.