ಚೋಮನ ಸಾಲದ ಲೆಕ್ಕ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಅಸ್ಪೃಶ್ಯತೆಯ ದುರಂತವೆಂದು ಓದುವುದು ವಾಡಿಕೆ. ಆ ಓದು ಸರಿಯೇ. ಆದರೂ ಸಾಲದ ಕಥೆಯಾಗಿ ಓದಿದಾಗ ಕಾದಂಬರಿ ಇನ್ನಷ್ಟು ಹರಿತವಾಗುತ್ತದೆ. ಒಬ್ಬರ ದುಡಿಮೆ ಇನ್ನೊಬ್ಬರ ಸಂಪತ್ತಾಗುವ ಬಗೆಯನ್ನು ಇಷ್ಟು ನೇರವಾಗಿ ತೋರಿಸಿದ ಕೃತಿಗಳು ಕನ್ನಡದಲ್ಲಿ ಕಡಿಮೆ.

ಚೋಮ ಒಡೆಯ ಸಂಕಪ್ಪಯ್ಯನ ಮೂಲದಾಳು, ಅಂದರೆ ವಂಶಪಾರಂಪರ್ಯವಾಗಿ ಕಟ್ಟುಬಿದ್ದ ಜೀತದಾಳು. ಘಟ್ಟದ ಕಾಫಿ ತೋಟಕ್ಕೂ ಸಾಲಗಾರ. ಸಾಲ ತೀರಿಸಲು ಇಬ್ಬರು ಗಂಡುಮಕ್ಕಳು ತೋಟಕ್ಕೆ ಹೋಗುತ್ತಾರೆ. ಒಬ್ಬ ಕ್ರೈಸ್ತ ಹುಡುಗಿಯನ್ನು ಕಟ್ಟಿಕೊಂಡು ಅಲ್ಲೇ ಉಳಿಯುತ್ತಾನೆ, ಇನ್ನೊಬ್ಬ ರೋಗ ಹತ್ತಿ ಸಾಯುತ್ತಾನೆ. ಸಾಲ ಮಾತ್ರ ಹಾಗೇ ಇರುತ್ತದೆ. ಆಮೇಲೆ ಮಗಳು ಬೆಳ್ಳಿಯ ಸರದಿ. ಕೊನೆಗೆ ಸಾಲ ಹರಿಯುವುದು ಅವಳ ಮೈಯನ್ನು ಬಳಸಿಕೊಂಡವರ ಮರ್ಜಿಯಿಂದ. ಲೆಕ್ಕ ಬರೆಯುವವರೂ ತೋಟದವರೇ, ಮನ್ನಾ ಮಾಡುವವರೂ ತೋಟದವರೇ. ಹಣ ವಾಪಸು ಬರಲಿ ಎಂದು ಕೊಟ್ಟ ಸಾಲ ಇದಲ್ಲ, ಆಳು ಕೈತಪ್ಪಿ ಹೋಗದಿರಲಿ ಎಂದು ಕೊಟ್ಟದ್ದು.

ಚೋಮನ ಹಟ್ಟಿಯಲ್ಲಿ ಎರಡು ಎತ್ತುಗಳಿವೆ. ಎಷ್ಟೇ ಕಷ್ಟ ಬಂದರೂ ಅವನು ಅವನ್ನು ಮಾರುವುದಿಲ್ಲ. ಎತ್ತು ಇದೆ, ರಟ್ಟೆ ಇದೆ, ಬೇಸಾಯದ ಅರಿವಿದೆ, ಇಲ್ಲದ್ದು ನೆಲವೊಂದೇ. ಬಡತನಕ್ಕೆ ಸೋಮಾರಿತನ ಕಾರಣವೆನ್ನುವವರ ಬಾಯಿ ಮುಚ್ಚಿಸಲು ಈ ಎತ್ತುಗಳೇ ಸಾಕು.

ಕಾದಂಬರಿ ಸಡಿಲವಾಗುವುದು ಒಡೆಯನ ವಿಷಯದಲ್ಲಿ. ಸಂಕಪ್ಪಯ್ಯ ಮೆದು ಮನಸ್ಸಿನವನು. ಚೋಮ ಉಳಲು ನೆಲ ಕೇಳಿದಾಗ ತಾಯಿ ಒಪ್ಪದ್ದರಿಂದ ಹಿಂಜರಿಯುತ್ತಾನೆ. ಹೀಗಾಗಿ ಅನ್ಯಾಯದ ಹೊಣೆಯೆಲ್ಲ ಅಸ್ಪೃಶ್ಯರಿಗೆ ನೆಲ ಕೊಡಬಾರದೆಂಬ ಸಂಪ್ರದಾಯದ ತಲೆಗೆ ಬೀಳುತ್ತದೆ. ಚೋಮನಿಗೆ ತುಂಡು ನೆಲ ಸಿಕ್ಕರೆ ಒಡೆಯನ ಗದ್ದೆಗೆ ಇಳಿಯುವವರು ಯಾರು? ಈ ಪ್ರಶ್ನೆಯನ್ನು ಕಾರಂತರು ಎತ್ತುವುದಿಲ್ಲ. ಸಂಪ್ರದಾಯದಿಂದ ಒಡೆಯನಿಗಾಗುವ ಲಾಭ ಮರೆಯಲ್ಲೇ ಉಳಿಯುತ್ತದೆ.

ಈ ಕಾದಂಬರಿಯನ್ನು ಆಧರಿಸಿದ ಬಿ.ವಿ. ಕಾರಂತರ ಸಿನಿಮಾ 1975ರಲ್ಲಿ ಬಂತು. ಅದರ ಹಿಂದಿನ ವರ್ಷವಷ್ಟೇ ಮುಖ್ಯಮಂತ್ರಿ ದೇವರಾಜ ಅರಸರ ಭೂಸುಧಾರಣೆ ಜಾರಿಯಾಗಿತ್ತು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕರಾವಳಿಯ ಅಸಂಖ್ಯ ಗೇಣಿದಾರರ ಪಾಲಿಗೆ ನಿಜವಾಯಿತು. ಆದರೆ ಮೂಲದಾಳಿಗೆ ತೋರಿಸಲು ಗೇಣಿಚೀಟಿಯೇ ಇರಲಿಲ್ಲ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು, ಜೀತದ ಸಾಲವನ್ನೂ ಅಳಿಸಿತು. ಆದರೆ ಬಿಡುಗಡೆಯಾದವನಿಗೆ ಉಳಲು ನೆಲ ಕೊಡಲಿಲ್ಲ. ಈ ಎರಡೂ ಕಾಯ್ದೆಗಳ ನಡುವೆ ಚೋಮನಂಥವರು ಕೂಲಿಗಳಾಗಿಯೇ ಉಳಿದರು.

ಕಾದಂಬರಿಯ ನಿಜವಾದ ಶಕ್ತಿ ಚೋಮನ ಬೇಡಿಕೆಯಲ್ಲಿದೆ. ಅವನು ಯಾರ ಮರುಕವನ್ನೂ ಕೇಳುವುದಿಲ್ಲ, ಬೇಸಾಯಗಾರನಾಗಬೇಕು ಎನ್ನುತ್ತಾನೆ. ದುಡಿಯುವವನಿಗೆ ದುಡಿಮೆಯ ಸಾಧನದ ಮೇಲೆ ಹಕ್ಕು ಬೇಕೆಂಬುದು ಅದರ ಅರ್ಥ. ಚೋಮನಿಗಾಗಿ ಕಣ್ಣೀರು ಹಾಕುವ ಓದುಗ ಆ ಹಕ್ಕಿನ ಪರ ನಿಲ್ಲದಿದ್ದರೆ ಕಾದಂಬರಿಯನ್ನು ಅರ್ಧವಷ್ಟೇ ಓದಿದಂತೆ.