ಮೇಣದ ಬತ್ತಿ ಮತ್ತು ಕೆಂಪುಕಣ

ಮಂಗಳೂರಿನವರಿಗೆ ಮಲೇರಿಯಾದ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೈಕಂಪಾಡಿಯ ಶೆಡ್ಡುಗಳಲ್ಲಿ ದುಡಿಯುವವನಿಗೆ ಮಳೆಗಾಲದಲ್ಲಿ ಚಳಿಜ್ವರ ಬಂದರೆ ಜೊತೆಯವರು ಮೊದಲು ಕೇಳುವುದೇ ರಕ್ತಪರೀಕ್ಷೆ ಆಯಿತಾ ಎಂದು. ಬೆರಳ ತುದಿಯ ಆ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು ರೋಗದ ಭಯ ಮರೆತು ಒಮ್ಮೆ ನೋಡಬೇಕು. ತಿಳಿಗುಲಾಬಿ ಕೆಂಪುಕಣ, ಅದರೊಳಗೆ ನೀಲಿ ಬಳೆ, ಬಳೆಯ ಅಂಚಿಗೆ ಒಂದು ಕೆಂಪು ಚುಕ್ಕೆ. ಹರಳು ಕೂರಿಸಿದ ಉಂಗುರವೇ! ಅದೇ ಮಲೇರಿಯಾದ ಪರಾವಲಂಬಿ. ಅದು ವೈವಾಕ್ಸ್ ಜಾತಿಯದಾದರೆ ಕಣವೇ ಉಬ್ಬಿ, ಮೈತುಂಬ ನಸುಗೆಂಪು ಚುಕ್ಕಿಗಳು.

ಈ ಜೀವಿಯನ್ನು ಮೈಯ ಹೊರಗೆ ನಿರಂತರವಾಗಿ ಸಾಕುವುದು ಬಹುಕಾಲ ಯಾರಿಗೂ ಸಾಧ್ಯವಾಗಿರಲಿಲ್ಲ. 1976ರಲ್ಲಿ ನ್ಯೂಯಾರ್ಕಿನ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ ಫಾಲ್ಸಿಪಾರಂ ಜಾತಿಯನ್ನು ಬಿಡುವಿಲ್ಲದೆ ಬೆಳೆಸಿ ತೋರಿಸಿದರು. ಅವರ ಉಪಾಯದ ಸೊಗಸು ಎಷ್ಟು ನೆನೆದರೂ ನನಗೆ ಸಾಲದು. ಕೆಂಪುಕಣಗಳ ತಟ್ಟೆಯನ್ನು ಗಾಜಿನ ಜಾಡಿಯಲ್ಲಿಟ್ಟು, ಪಕ್ಕದಲ್ಲಿ ಮೇಣದ ಬತ್ತಿ ಹಚ್ಚಿ ಮುಚ್ಚಳ ಹಾಕುವುದು, ಅಷ್ಟೆ. ಬತ್ತಿ ಆರುವ ಹೊತ್ತಿಗೆ ಒಳಗೆ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರಿರುತ್ತದೆ. ಪರಾವಲಂಬಿಗೆ ಹಿಡಿಸುವ ಹವೆ ಅದೇ. ಸುಮಾರು 48 ಗಂಟೆಗೊಮ್ಮೆ ಅದು ಬಲಿತು, ಕಣವನ್ನು ಒಡೆದು, ಹೊಸ ಕಣ ಹುಡುಕುತ್ತದೆ. ಆ ಹೊಸ ಕಣ ದಾನಿಯ ತೋಳಿನಿಂದಲೇ ಬರಬೇಕು. ಹೆಚ್ಚಾಗಿ ‘ಒ’ ಗುಂಪಿನದು.

ಬೆಂಗಳೂರಿನ ಪ್ರಯೋಗಾಲಯಗಳೂ ಈ ದಾನವನ್ನು ನೆಚ್ಚಿಕೊಂಡವು. ಹೀಮ್ ತುಂಬಿದ ಹಿಮೋಗ್ಲೋಬಿನ್ನಿನ ರಾಶಿಯ ನಡುವೆ ಕುಳಿತಿದ್ದರೂ ಈ ಜೀವಿ ತನಗೆ ಬೇಕಾದ ಹೀಮ್ ಅನ್ನು ತಾನೇ ತಯಾರಿಸಿಕೊಳ್ಳುತ್ತದೆಂದು 1992ರಲ್ಲಿ ನಮಿತಾ ಸುರೋಲಿಯಾ ಮತ್ತು ಜಿ. ಪದ್ಮನಾಭನ್ ತೋರಿಸಿದರು. ಎಂಥ ವಿಸ್ಮಯ! 2001ರಲ್ಲಿ ನಮಿತಾ ಮತ್ತು ಅವಧೇಶ ಸುರೋಲಿಯಾ, ಸೋಪು ಟೂತ್‌ಪೇಸ್ಟುಗಳಲ್ಲಿದ್ದ ಟ್ರೈಕ್ಲೋಸಾನ್ ಅದರ ಬೆಳವಣಿಗೆ ತಡೆಯುತ್ತದೆಂದು ಕಂಡುಕೊಂಡರು. ಅದು ಮಾತ್ರೆಯಾಗಿ ಅಂಗಡಿಗೆ ಬರಲಿಲ್ಲ, ನಿಜ. ಆದರೂ ಒಂದು ಔಷಧ ಎಲ್ಲಿ ಪೆಟ್ಟು ಕೊಡಬಹುದೆಂದು ಹುಡುಕುವ ಆ ಕೆಲಸದ ಅಂದ ಅದರಿಂದ ಕಡಿಮೆಯಾಗದು.

ಮಂಗಳೂರನ್ನು ಹೆಚ್ಚು ಕಾಡಿದ ವೈವಾಕ್ಸ್ ಮಾತ್ರ ಇಂದಿಗೂ ಜಾಡಿಯ ಬಾಳಿಗೆ ಒಗ್ಗಿಲ್ಲ. ಅದು ಒಳಹೊಗುವುದು ಎಳೆಯ ಕೆಂಪುಕಣಗಳನ್ನು. ನಮ್ಮ ರಕ್ತದಲ್ಲಿ ಅವು ನೂರಕ್ಕೆ ಒಂದೋ ಎರಡೋ. ಹಾಗಾಗಿ ಅದರ ಸಂಶೋಧನೆಗೆ ಹೆಚ್ಚಾಗಿ ರೋಗಿಯ ತಾಜಾ ರಕ್ತವೇ ಬೇಕು. ಜ್ವರದಲ್ಲಿರುವಾಗ ಸಂಶೋಧಕರು ಯಾರಾದರೂ ಒಪ್ಪಿಗೆ ಪತ್ರ ಹಿಡಿದು ಬಂದರೆ, ಕನ್ನಡದಲ್ಲೋ ತುಳುವಿನಲ್ಲೋ ವಿವರ ಕೇಳಿ, ಸಂಶಯ ಬಗೆಹರಿಸಿಕೊಂಡು, ಮನಸ್ಸಾದರೆ ಆ ಕೆಲವು ಮಿಲಿಲೀಟರ್ ರಕ್ತ ಕೊಡಿ.